ಖಬರಿನ ಕಲ್ಲು ಮತ್ತು ಬಂಧುತ್ವದ ಹೊಣೆ

ರಕ್ತ ಸಂಬಂಧವನ್ನು ಜೋಡಿಸುವ ಕುರಿತು ಜುಮಾ ಖುತ್ಬಾದಲ್ಲಿ ಮಾತನಾಡಿದಾಗಲೆಲ್ಲ ನಮಾಝಿನ ಬಳಿಕ ಯಾರಾದರೊಬ್ಬರು ಹತ್ತಿರ ಬಂದು ಕೇಳುವುದುಂಟು: “ಹಜ್ರತ್, ಸಂಬಂಧ ಜೋಡಿಸಿ ಎನ್ನುತ್ತೀರಿ. ನಮಗೆ ಅಜ್ಜನ ತಂದೆಯ ಹೆಸರೇ ಗೊತ್ತಿಲ್ಲ. ಊರಿನ ಹಳೆಯ ಖಬರಸ್ಥಾನದಲ್ಲಿ ನಮ್ಮ ಹಿರಿಯರ ಕಲ್ಲುಗಳಿವೆಯಂತೆ. ಅವನ್ನು ಓದಿ ತಿಳಿದುಕೊಳ್ಳಬಹುದೇ? ಅದಕ್ಕೆ ದೀನಿನಲ್ಲಿ ಅವಕಾಶ ಇದೆಯೇ?”

ಈ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಹೀಗೆ ಹುಡುಕುವುದು ಸರಿಯೇ ಎಂಬುದು ಒಂದು, ಹುಡುಕುವುದು ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ನಾವು ಇಲ್ಲಿ ಸ್ವಲ್ಪ ವಿವರವಾಗಿ ಉತ್ತರಿಸುತ್ತೇವೆ.

ಕಲ್ಲನ್ನು ಇಟ್ಟದ್ದು ಏಕೆ?

ಮದೀನಾದಲ್ಲಿ ಮರಣ ಹೊಂದಿದ ಮೊದಲ ಮುಹಾಜಿರ್ ಉಸ್ಮಾನ್ ಬಿನ್ ಮಝ್ಊನ್(ರ). ಅವರ ದಫನ ಮುಗಿದ ಮೇಲೆ ಒಂದು ಕಲ್ಲನ್ನು ತರುವಂತೆ ಪ್ರವಾದಿ ಮುಹಮ್ಮದ್(ಸ) ಒಬ್ಬರಿಗೆ ಹೇಳಿದರು. ಆ ವ್ಯಕ್ತಿಗೆ ಕಲ್ಲನ್ನು ಎತ್ತಲಾಗಲಿಲ್ಲ. ಆಗ ಪ್ರವಾದಿ(ಸ) ಸ್ವತಃ ತೋಳು ಮಡಚಿ, ಕಲ್ಲನ್ನು ಹೊತ್ತು ತಂದು ಖಬರಿನ ತಲೆಯ ಬಳಿ ಇಟ್ಟರು. ನನ್ನ ಸಹೋದರನ ಖಬರನ್ನು ಇದರಿಂದ ಗುರುತಿಸುವೆನು, ನನ್ನ ಕುಟುಂಬದಲ್ಲಿ ಮುಂದೆ ಮರಣ ಹೊಂದುವವರನ್ನು ಇದರ ಬಳಿಯೇ ದಫನ ಮಾಡುವೆನು ಎಂಬ ಅರ್ಥದ ಮಾತನ್ನು ಹೇಳಿದರು. ಈ ಹದೀಸ್ ಅಬೂದಾವೂದ್‌ನಲ್ಲಿದೆ.

ನಮ್ಮ ವಿಷಯಕ್ಕೆ ಬೇಕಾದ ಮೂಲ ಸೂತ್ರ ಇಲ್ಲಿಯೇ ಇದೆ. ಖಬರಿನ ಕಲ್ಲು ಗುರುತಿಗಾಗಿ ಇರುವುದು. ಆ ಗುರುತು ಬೇಕಾದದ್ದು ಕುಟುಂಬದವರಿಗೆ. ಅಲಂಕಾರ, ಪ್ರತಿಷ್ಠೆ, ಹರಕೆ ಇವು ಯಾವುವೂ ಆ ಕಲ್ಲಿನ ಉದ್ದೇಶವಾಗಿರಲಿಲ್ಲ. ಖಬರನ್ನು ಗಾರೆ ಹಾಕಿ ಕಟ್ಟುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಖಬರಿನ ಮೇಲೆ ಬರೆಯುವುದನ್ನು ತಡೆದ ವರದಿಯೂ ತಿರ್ಮಿದಿಯಲ್ಲಿದೆ. ಆದರೂ ಗುರುತಿಗೆ ಬೇಕಾದಷ್ಟು ಹೆಸರು ಬರೆಯಲು ಅನೇಕ ಫುಕಹಾಗಳು ಅವಕಾಶ ಕಂಡಿದ್ದಾರೆ. ಹೊಸ ಕಲ್ಲು ನಿಲ್ಲಿಸುವ ವಿಚಾರ ಬಂದರೆ ನಿಮ್ಮ ಮಝ್‌ಹಬ್‌ನ ಆಲಿಮರನ್ನು ಕೇಳಿ ಮುಂದುವರಿಯಿರಿ. ಈಗಾಗಲೇ ಇರುವ ಹಳೆಯ ಕಲ್ಲನ್ನು ಓದಿ ಹಿರಿಯರನ್ನು ಗುರುತಿಸುವುದರಲ್ಲಿ ಮಾತ್ರ ಯಾವ ಅಡ್ಡಿಯೂ ಇಲ್ಲ.

ವಂಶದ ವಿಷಯದಲ್ಲೂ ಮಾರ್ಗದರ್ಶನ ಸ್ಪಷ್ಟವಾಗಿದೆ. ಬಂಧುತ್ವವನ್ನು ಕಾಯಲು ಬೇಕಾಗುವಷ್ಟು ವಂಶಜ್ಞಾನವನ್ನು ಪಡೆಯಿರಿ ಎಂಬ ಆದೇಶ ತಿರ್ಮಿದಿಯ ಹದೀಸಿನಲ್ಲಿದೆ. ಅಂದರೆ ಯಾರು ನಮ್ಮವರು ಎಂದು ತಿಳಿಯದೆ ಅವರ ಹಕ್ಕನ್ನು ಸಲ್ಲಿಸಲಾಗದು. ತಿಳಿಯುವುದರ ಗುರಿ ಆ ಹಕ್ಕು ಸಲ್ಲಿಸುವುದೇ.

ಹುಡುಕಾಟ ಮನೆಯಿಂದ ಆರಂಭವಾಗಲಿ

ನೇರವಾಗಿ ಖಬರಸ್ಥಾನಕ್ಕೆ ಹೋದರೆ ನೂರಾರು ಕಲ್ಲುಗಳ ನಡುವೆ ನಿಮ್ಮದು ಯಾವುದೆಂದು ತಿಳಿಯದು. ಮೊದಲು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ, ಮುಖ್ಯವಾಗಿ ಹಿರಿಯ ಮಹಿಳೆಯರ ಬಳಿ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರು ಎರಡನೇ ನಿಕಾಹ್ ಆದರು, ಯಾವ ಮಗು ಎಳವೆಯಲ್ಲೇ ತೀರಿಕೊಂಡಿತು ಎಂಬುದು ಗಂಡಸರಿಗಿಂತ ಅಜ್ಜಿಯರಿಗೆ, ಫುಪ್ಪುಗಳಿಗೆ, ಖಾಲಾಗಳಿಗೆ ಚೆನ್ನಾಗಿ ನೆನಪಿರುತ್ತದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಧ್ವನಿ ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲಿರುವ ಹಳೆಯ ಕುರ್‌ಆನ್ ಪ್ರತಿಯ ಮೊದಲ ಅಥವಾ ಕೊನೆಯ ಹಾಳೆಯನ್ನು ನೋಡಿ. ಮಕ್ಕಳ ಜನನ, ಹಿರಿಯರ ವಫಾತ್ ಅಲ್ಲಿ ಬರೆದಿಡುವ ರೂಢಿ ಹಲವು ಮನೆಗಳಲ್ಲಿತ್ತು. ನಿಕಾಹ್‌ನಾಮಾ, ಜಮೀನಿನ ಕ್ರಯಪತ್ರ, ಶಾಲೆಯ ಟಿ.ಸಿ., ಹಜ್‌ಗೆ ಹೋದವರ ಕಾಗದಗಳು ಎಲ್ಲವನ್ನೂ ಒಂದೆಡೆ ಸೇರಿಸಿ. ಬಲ್ಲ ಹೆಸರಿನಿಂದ ಬಲ್ಲದ ಹೆಸರಿನ ಕಡೆಗೆ ಒಂದೊಂದೇ ತಲೆಮಾರು ಹಿಂದೆ ಹೋಗಬೇಕು. ಮೇಲಿನಿಂದ ಯಾವುದೋ ದೊಡ್ಡ ಹೆಸರನ್ನು ಹಿಡಿದು ಕೆಳಗೆ ನಮ್ಮವರೆಗೆ ಎಳೆದು ತರುವುದು ಸಂಶೋಧನೆಯಲ್ಲ.

ಖಬರಸ್ಥಾನದಲ್ಲಿ ಪಾಲಿಸಬೇಕಾದ ಅದಬ್

ಮೊದಲು ಮುತವಲ್ಲಿ ಅಥವಾ ಜಮಾಅತ್ ಕಮಿಟಿಯವರಿಗೆ ತಿಳಿಸಿ ಅನುಮತಿ ಪಡೆಯಿರಿ. ಒಳಗೆ ಹೋದಾಗ ಖಬರಿನವರಿಗೆ ಸಲಾಮ್ ಹೇಳಿ, ಅವರಿಗಾಗಿ ದುಆ ಮಾಡಿ. ಖಬರಿನ ಮೇಲೆ ಕೂರುವುದರ ಬಗ್ಗೆ ಹದೀಸಿನಲ್ಲಿ ಕಠಿಣ ಎಚ್ಚರಿಕೆ ಇದೆ. ಫೋಟೋ ತೆಗೆಯುವ ಆತುರದಲ್ಲಿ ಪಕ್ಕದ ಖಬರನ್ನು ತುಳಿಯಬೇಡಿ.

ಹಳೆಯ ಕಲ್ಲನ್ನು ಶುಚಿ ಮಾಡುವ ಉತ್ಸಾಹದಲ್ಲಿ ಅಕ್ಷರಗಳನ್ನೇ ಅಳಿಸಿಬಿಡುವುದು ಸುಲಭ. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ, ಸೋಪಿನ ಪುಡಿ ಇವು ಬೇಡವೇ ಬೇಡ. ಸುಣ್ಣ, ಪೇಂಟ್ ಬಳಿದು ಅಕ್ಷರ ತುಂಬುವುದೂ ಬೇಡ. ಶುದ್ಧ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಪದರ ಪದರವಾಗಿ ಏಳುತ್ತದೆ, ಕರಾವಳಿಯ ಮುರಕಲ್ಲು ಉದುರುತ್ತದೆ. ಇಂಥವನ್ನು ಉಜ್ಜಲೇಬಾರದು. ವಾಲಿದ ಕಲ್ಲನ್ನು ನೆಟ್ಟಗೆ ಮಾಡಲು, ಹೂತುಹೋದ ಭಾಗವನ್ನು ನೋಡಲು ನೀವೇ ಅಗೆಯಬೇಡಿ.

ಸವೆದ ಅಕ್ಷರ ಓದಲು ಬೆಳಕು ಸಹಾಯ ಮಾಡುತ್ತದೆ. ನೆತ್ತಿಯ ಬಿಸಿಲಿನಲ್ಲಿ ಕಾಣದ ಅಕ್ಷರ ಬೆಳಗ್ಗೆ ಅಥವಾ ಅಸರ್ ಬಳಿಕ ಓರೆ ಬಿಸಿಲು ಬಿದ್ದಾಗ ನೆರಳಿನಿಂದ ಎದ್ದು ಕಾಣುತ್ತದೆ. ನೆರಳಿರುವ ಜಾಗದಲ್ಲಿ ಕನ್ನಡಿಯಿಂದಲೋ ಟಾರ್ಚಿನಿಂದಲೋ ಪಕ್ಕದಿಂದ ಬೆಳಕು ಹಾಯಿಸಿ ಫೋಟೋ ತೆಗೆಯಬಹುದು. ಕಲ್ಲಿನ ನಾಲ್ಕೂ ಮುಖ, ಸುತ್ತಲಿನ ಖಬರುಗಳು, ಅದು ಯಾವ ಸಾಲಿನಲ್ಲಿದೆ ಎಂಬುದು ಎಲ್ಲವೂ ದಾಖಲಾಗಲಿ.

ಕಲ್ಲಿನ ಭಾಷೆ

ನಮ್ಮ ರಾಜ್ಯದ ಖಬರಸ್ಥಾನಗಳಲ್ಲಿ ಒಂದೇ ಭಾಷೆ ಇಲ್ಲ. ಬಿಜಾಪುರ, ಬೀದರ್, ಕಲಬುರಗಿ, ಶ್ರೀರಂಗಪಟ್ಟಣದ ಹಳೆಯ ಕಲ್ಲುಗಳಲ್ಲಿ ಅರಬಿಯ ಜೊತೆಗೆ ಫಾರ್ಸಿ ಇದೆ. ನಂತರದವುಗಳಲ್ಲಿ ಉರ್ದು ಬಂತು. ಮೀಝಾನ್ ಕಲ್ಲು ಎಂದು ಕರೆಯುವ ಕರಾವಳಿಯ ಕಲ್ಲುಗಳಲ್ಲಿ ಅರಬಿ ಲಿಪಿ ಹೆಚ್ಚು. ಇತ್ತೀಚಿನ ಕಲ್ಲುಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಕೂಡ ಕಾಣುತ್ತವೆ.

ಕೆಲವೇ ಪದಗಳನ್ನು ಕಲಿತರೆ ಹೆಚ್ಚಿನ ಕಲ್ಲುಗಳು ಅರ್ಥವಾಗುತ್ತವೆ. ‘ಮರ್ಹೂಮ್’, ‘ಮರ್ಹೂಮಾ’ ಎಂದರೆ ತೀರಿಕೊಂಡವರು. ‘ಇಬ್ನ್’, ‘ಬಿನ್’ ಅಥವಾ ‘ವಲದ್’ ಬಂದರೆ ಮುಂದಿನದು ತಂದೆಯ ಹೆಸರು. ‘ಬಿಂತ್’ ಎಂದರೆ ಮಗಳು. ‘ಝೌಜಾ’, ‘ಅಹ್ಲಿಯಾ’ ಎಂದರೆ ಹೆಂಡತಿ. ‘ಸಾಕಿನ್’ ಎಂದರೆ ಆ ಊರಿನ ನಿವಾಸಿ. ಈ ಒಂದು ಪದ ಬಹಳ ಮುಖ್ಯ, ಏಕೆಂದರೆ ಕುಟುಂಬ ಯಾವ ಊರಿನಿಂದ ಬಂತು ಎಂಬ ಸುಳಿವು ಅಲ್ಲಿರುತ್ತದೆ. ರಿಸಾಲದಾರ್, ಕಿಲ್ಲೇದಾರ್, ಮುನ್ಶಿ, ಖಾಝಿ, ಅತ್ತಾರ್ ಮುಂತಾದವು ಹುದ್ದೆ ಅಥವಾ ಕಸುಬನ್ನು ಹೇಳುತ್ತವೆ.

ಬರಹ ಸಂಪೂರ್ಣ ಅಳಿಸಿದ್ದರೂ ಕೆಲವೊಮ್ಮೆ ಕಲ್ಲಿನ ಆಕಾರವೇ ಮಾತನಾಡುತ್ತದೆ. ದಖ್ಖನಿನ ಹಲವೆಡೆ ಗಂಡಸಿನ ಖಬರಿನ ಕಲ್ಲಿನ ಮೇಲೆ ಉದ್ದಕ್ಕೆ ಕಲಮ್‌ದಾನದಂತೆ ಉಬ್ಬಿದ ಏಣು ಇರುತ್ತದೆ, ಹೆಂಗಸಿನದು ತಖ್ತಿಯಂತೆ ಚಪ್ಪಟೆಯಾಗಿರುತ್ತದೆ.

ಅಂಕಿಗಳಲ್ಲಿ ಎಡವುವವರು ಹೆಚ್ಚು. ಅರಬಿ, ಫಾರ್ಸಿ ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಇಸವಿಯ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು. ಏಳು ಇಂಗ್ಲಿಷಿನ ವಿ ಅಕ್ಷರದಂತಿರುತ್ತದೆ, ಎಂಟು ಅದನ್ನೇ ಬೋರಲು ಹಾಕಿದಂತೆ. ಸೊನ್ನೆ ಬರಿ ಒಂದು ಚುಕ್ಕೆ. ಅರಬಿಯ ಐದು ನಮ್ಮ ಸೊನ್ನೆಯಂತೆ ದುಂಡಗೆ ಕಾಣುತ್ತದೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಒಂದು ಹಲ್ಲಿನಷ್ಟೇ. ಸೊನ್ನೆಯ ಚುಕ್ಕೆ ಸವೆದುಹೋದರೆ 1320 ಎಂಬುದು 132 ಎಂದು ಕಾಣಬಹುದು.

ಹಿಜ್ರಿ, ಫಸ್ಲಿ ಮತ್ತು ಅಬ್ಜದ್

ಹಳೆಯ ಕಲ್ಲಿನಲ್ಲಿ ಇರುವುದು ಸಾಮಾನ್ಯವಾಗಿ ಹಿಜ್ರಿ ವರ್ಷ. ಚಾಂದ್ರಮಾನದ ಈ ವರ್ಷದಲ್ಲಿ 354 ಅಥವಾ 355 ದಿನಗಳು. ಹೀಗಾಗಿ 33 ಹಿಜ್ರಿ ವರ್ಷಗಳು ಸುಮಾರು 32 ಇಸವಿ ವರ್ಷಗಳಿಗೆ ಸಮ. ಅಂದಾಜಿಗೆ ಒಂದು ಸುಲಭ ಲೆಕ್ಕ ಇದೆ. ಹಿಜ್ರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದೇ ವರ್ಷದಿಂದ ಕಳೆದು, 622 ಕೂಡಿಸಬೇಕು.

ಒಂದು ಉದಾಹರಣೆ ನೋಡೋಣ. ಟಿಪ್ಪು ಸುಲ್ತಾನರು ಶಹೀದರಾದದ್ದು ಹಿಜ್ರಿ 1213ರ ಝುಲ್‌ಕಅದ ತಿಂಗಳಲ್ಲಿ. 1213ನ್ನು 33ರಿಂದ ಭಾಗಿಸಿದರೆ ಸುಮಾರು 37. ಅದನ್ನು ಕಳೆದರೆ 1176. 622 ಕೂಡಿಸಿದರೆ 1798. ಆದರೆ ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಈ ಒಂದು ವರ್ಷ ಎಲ್ಲಿ ಹೋಯಿತು? ಹಿಜ್ರಿ 1213 ಆರಂಭವಾದದ್ದು 1798ರ ಜೂನ್‌ನಲ್ಲಿ. ಝುಲ್‌ಕಅದ ಹನ್ನೊಂದನೆಯ ತಿಂಗಳಾದ್ದರಿಂದ ಅದು ಬರುವ ಹೊತ್ತಿಗೆ ಇಸವಿ 1799 ಆಗಿತ್ತು. ಆದ್ದರಿಂದ ವರ್ಷ ಮಾತ್ರವಲ್ಲ, ತಿಂಗಳನ್ನೂ ಓದಬೇಕು.

ಕಲ್ಲಿನಲ್ಲಿ ವಾರ ಬರೆದಿದ್ದರೆ ನಿಮ್ಮ ಲೆಕ್ಕವನ್ನು ಅದರಿಂದ ಪರೀಕ್ಷಿಸಬಹುದು. ಫಾರ್ಸಿಯಲ್ಲಿ ಶಂಬಾ ಎಂದರೆ ಶನಿವಾರ, ಯಕ್‌ಶಂಬಾ ಭಾನುವಾರ, ದೋಶಂಬಾ ಸೋಮವಾರ, ಸೆಶಂಬಾ ಮಂಗಳವಾರ, ಚಹಾರ್‌ಶಂಬಾ ಬುಧವಾರ, ಪಂಜ್‌ಶಂಬಾ ಗುರುವಾರ. ನಮ್ಮ ದಿನ ಮಗ್ರಿಬ್‌ನಿಂದ ಆರಂಭವಾಗುತ್ತದೆ ಎಂಬುದು ನೆನಪಿರಲಿ. ಗುರುವಾರ ರಾತ್ರಿ ತೀರಿಕೊಂಡವರ ಕಲ್ಲಿನಲ್ಲಿ ಜುಮಾ ರಾತ್ರಿ ಎಂದಿರುತ್ತದೆ.

ಕಲ್ಯಾಣ ಕರ್ನಾಟಕದವರು ಇನ್ನೊಂದು ವಿಷಯ ಗಮನಿಸಬೇಕು. ಬೀದರ್, ಕಲಬುರಗಿ, ರಾಯಚೂರು ಕಡೆ 1948ರವರೆಗೆ ನಿಝಾಮರ ಆಡಳಿತವಿತ್ತು. ಅಲ್ಲಿನ ಕಂದಾಯ ಕಾಗದಗಳಲ್ಲಿ ಫಸ್ಲಿ ವರ್ಷ ಬಳಕೆಯಲ್ಲಿತ್ತು. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. 1350 ಎಂಬುದು ಹಿಜ್ರಿಯಾದರೆ 1931–32, ಫಸ್ಲಿಯಾದರೆ 1940–41. ಯಾವುದೆಂದು ನೋಡದೆ ಲೆಕ್ಕ ಹಾಕಿದರೆ ಒಂಬತ್ತು ವರ್ಷ ತಪ್ಪುತ್ತದೆ. ಇನ್ನು ಟಿಪ್ಪು ಸುಲ್ತಾನರು ಮೌಲೂದಿ ಎಂಬ ಬೇರೆಯೇ ಶಕೆಯನ್ನು ಜಾರಿಗೆ ತಂದಿದ್ದರು. ಅವರ ಆ ಕಾಲದ ನಾಣ್ಯಗಳಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಇವೆ.

ಕೆಲವು ಕಲ್ಲುಗಳಲ್ಲಿ ಅಂಕಿಯೇ ಇರುವುದಿಲ್ಲ, ಫಾರ್ಸಿ ಸಾಲೊಂದು ಮಾತ್ರ ಇರುತ್ತದೆ. ವರ್ಷ ಆ ಸಾಲಿನೊಳಗೇ ಅಡಗಿರಬಹುದು. ಬಿಸ್ಮಿಲ್ಲಾಹ್‌ಗೆ 786 ಎಂಬ ಲೆಕ್ಕ ನಮ್ಮೆಲ್ಲರಿಗೂ ಗೊತ್ತು. ಅದು ಅಬ್ಜದ್ ಲೆಕ್ಕ. ಪ್ರತಿ ಅರಬಿ ಅಕ್ಷರಕ್ಕೂ ಒಂದು ಬೆಲೆ ಇದೆ: ಅಲಿಫ್‌ಗೆ 1, ಬಾಗೆ 2, ಹೀಗೆ. ಮುಹಮ್ಮದ್ ಎಂಬ ಹೆಸರಿನಲ್ಲಿ ಮೀಮ್ 40, ಹಾ 8, ಮೀಮ್ 40, ದಾಲ್ 4, ಒಟ್ಟು 92. ಕವಿಗಳು ವಫಾತಿನ ವರ್ಷ ಬರುವಂತೆ ಅಕ್ಷರಗಳನ್ನು ಜೋಡಿಸಿ ಸಾಲು ಕಟ್ಟುತ್ತಿದ್ದರು. ವಿಜಯಪುರದ ಗೋಳಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಇಂಥ ಮೂರು ಸಾಲುಗಳಿವೆ. ಮೂರನ್ನೂ ಬೇರೆಬೇರೆಯಾಗಿ ಕೂಡಿಸಿದರೂ ಬರುವುದು 1067, ಅಂದರೆ ಮುಹಮ್ಮದ್ ಆದಿಲ್‌ಶಾಹ್ ತೀರಿಕೊಂಡ 1656ರ ಹಿಜ್ರಿ ವರ್ಷ. ನಿಮ್ಮ ಹಿರಿಯರ ಕಲ್ಲಿನಲ್ಲಿ ಇಂಥ ಸಾಲು ಕಂಡರೆ ಅದರ ಫೋಟೋವನ್ನು ಫಾರ್ಸಿ ಬಲ್ಲ ಆಲಿಮರಿಗೆ ತೋರಿಸಿ. ಮದ್ರಸಾಗಳಲ್ಲಿ ಓದಿದ ಹಲವರು ಇದನ್ನು ಕೂಡಿಸಿ ಹೇಳಬಲ್ಲರು.

ಸಾಲು ಖಬರುಗಳು

ಒಂದೇ ಕಲ್ಲನ್ನು ನೋಡಿ ಹಿಂದಿರುಗಬೇಡಿ. ಉಸ್ಮಾನ್ ಬಿನ್ ಮಝ್ಊನ್‌ರ(ರ) ಹದೀಸಿನಲ್ಲಿ ಕಂಡಂತೆ ಕುಟುಂಬದವರನ್ನು ಹತ್ತಿರ ಹತ್ತಿರ ದಫನ ಮಾಡುವುದು ಹಿಂದಿನಿಂದ ಬಂದ ರೀತಿ. ಪಕ್ಕದಲ್ಲಿರುವವರು ಅತ್ತೆಯೋ ಅಣ್ಣನೋ ಆಗಿರಬಹುದು. ಒಂದೇ ಸಾಲಿನಲ್ಲಿ ಕೆಲವೇ ವಾರಗಳ ಅಂತರದ ಹಲವು ಖಬರುಗಳು, ಅದರಲ್ಲೂ ಮಕ್ಕಳದು, ಯುವತಿಯರದು ಕಂಡರೆ ವರ್ಷವನ್ನು ನೋಡಿ. ಹಿಜ್ರಿ 1337ರ ಮುಹರ್ರಮ್, ಸಫರ್ ತಿಂಗಳುಗಳು 1918ರ ಅಕ್ಟೋಬರ್, ನವೆಂಬರ್‌ಗೆ ಬರುತ್ತವೆ. ಇನ್‌ಫ್ಲುಯೆಂಝಾ ಜ್ವರ ದೇಶವನ್ನೆಲ್ಲ ಬಡಿದ ದಿನಗಳವು. ಹಿಜ್ರಿ 1316 ಎಂದರೆ 1898–99, ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದ ಕಾಲ. ‘ನಮ್ಮ ಮನೆತನ ಒಮ್ಮೆಲೇ ಊರು ಬಿಟ್ಟಿತು’ ಎಂದು ಅಜ್ಜಿ ಹೇಳಿದ ಮಾತಿಗೆ ಕಾರಣ ಇಂಥ ಸಾಲಿನಲ್ಲಿ ಸಿಗಬಹುದು.

ಒಂದು ಸಾಕ್ಷ್ಯ ಸಾಲದು

ಅಬ್ದುಲ್ ಕರೀಂ ಎಂಬ ಹೆಸರು ಒಂದೇ ಖಬರಸ್ಥಾನದಲ್ಲಿ ಹತ್ತು ಕಲ್ಲುಗಳಲ್ಲಿರಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯೂ ಇದೆ. ಆದ್ದರಿಂದ ಹೆಸರು ಹೊಂದಿತು ಎಂದ ಮಾತ್ರಕ್ಕೆ ಅವರು ನಮ್ಮವರೆಂದು ಬರೆದುಕೊಳ್ಳಬಾರದು. ತಂದೆಯ ಹೆಸರು, ಊರು, ಕಾಲ ಇವುಗಳಲ್ಲಿ ಎರಡಾದರೂ ಬೇರೆ ದಾಖಲೆಯೊಂದಿಗೆ ತಾಳೆಯಾಗಬೇಕು. ಮಸೀದಿಯ ದಫ್ತರ್, ಖಾಝಿಯವರ ನಿಕಾಹ್ ರಿಜಿಸ್ಟರ್, ಸ್ಥಳೀಯ ಸಂಸ್ಥೆಯ ಹಳೆಯ ಜನನ–ಮರಣ ದಾಖಲೆ, ಜಮೀನಿನ ಪಹಣಿ, ವಕ್ಫ್ ದಾಖಲೆಗಳು ಇದಕ್ಕೆ ನೆರವಾಗುತ್ತವೆ. ತಾಳೆಯಾಗದಿದ್ದರೆ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ. ತನ್ನ ತಂದೆಯಲ್ಲದವರನ್ನು ತಂದೆಯೆಂದು ತಿಳಿದೂ ಹೇಳಿಕೊಳ್ಳುವವನ ಬಗ್ಗೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಕಠಿಣ ಎಚ್ಚರಿಕೆ ಬಂದಿದೆ. ಅಂದಾಜನ್ನು ಸತ್ಯವೆಂದು ಬರೆದಿಟ್ಟರೆ ಮುಂದಿನ ಪೀಳಿಗೆ ಅದನ್ನೇ ನಂಬುತ್ತದೆ.

ಸಿಕ್ಕಿದ್ದರಿಂದ ಏನು ಮಾಡಬೇಕು?

ವಂಶ ಹುಡುಕುವ ಕೆಲವರಲ್ಲಿ ಒಂದು ಆಸೆ ಇರುತ್ತದೆ: ಕೊನೆಗೆ ಒಬ್ಬ ನವಾಬನೋ ಸರದಾರನೋ ಸಿಗಲಿ ಎಂದು. ಸಿಕ್ಕವರು ಹತ್ತಿ ಎಕ್ಕುತ್ತಿದ್ದ ಪಿಂಜಾರರೋ, ಮಾಂಸ ಮಾರುತ್ತಿದ್ದವರೋ ಆದರೆ ಮುಖ ಸಣ್ಣದಾಗುತ್ತದೆ. ಮಗಳ ಸಂಬಂಧ ಕುದುರುವವರೆಗೆ ವಿಷಯ ಹೊರಗೆ ಬರಬಾರದು ಎನ್ನುವವರೂ ಇದ್ದಾರೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಹಲಾಲ್ ಕಸುಬಿನಲ್ಲಿ ಅವಮಾನವಿಲ್ಲ. ದಾವೂದ್(ಅ) ತಮ್ಮ ಕೈ ದುಡಿಮೆಯಿಂದ ಉಣ್ಣುತ್ತಿದ್ದರು, ಝಕರಿಯಾ(ಅ) ಬಡಗಿಯಾಗಿದ್ದರು. ಜನಾಂಗ, ಕುಲಗಳು ಪರಸ್ಪರ ಗುರುತಿಸುವುದಕ್ಕೆ ಮಾತ್ರ, ಅಲ್ಲಾಹನ ಬಳಿ ಹಿರಿಮೆ ತಖ್ವಾಕ್ಕೆ ಎಂಬುದನ್ನು ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತ ಕಲಿಸುತ್ತದೆ. ಕರ್ಮದಲ್ಲಿ ಹಿಂದುಳಿದವನನ್ನು ವಂಶ ಮುಂದೆ ತರಲಾರದು ಎಂಬುದು ಹದೀಸಿನ ಪಾಠ. ಬಡ ಪಿಂಜಾರ ಅಜ್ಜನ ಹೆಸರನ್ನು ಮುಚ್ಚಿಟ್ಟು ಯಾರದೋ ಶಜರಾಕ್ಕೆ ನಮ್ಮನ್ನು ಅಂಟಿಸಿಕೊಂಡರೆ, ಬೆವರು ಸುರಿಸಿ ನಮ್ಮನ್ನು ಇಲ್ಲಿಯವರೆಗೆ ತಂದವರಿಗೆ ಎರಡು ಬಗೆದಂತೆ.

ಹಾಗಾದರೆ ಸಿಕ್ಕ ಹೆಸರಿಂದ ಪ್ರಯೋಜನವೇನು? ತಂದೆ–ತಾಯಿ ತೀರಿಕೊಂಡ ಮೇಲೂ ಅವರಿಗೆ ಒಳಿತು ಮಾಡಲು ಏನಾದರೂ ಉಳಿದಿದೆಯೇ ಎಂದು ಒಬ್ಬರು ಪ್ರವಾದಿ(ಸ)ರಲ್ಲಿ ಕೇಳಿದ ಹದೀಸ್ ಅಬೂದಾವೂದ್‌ನಲ್ಲಿದೆ. ಅವರಿಗಾಗಿ ದುಆ ಮತ್ತು ಇಸ್ತಿಗ್‌ಫಾರ್, ಅವರು ಕೊಟ್ಟ ಮಾತನ್ನು ಪೂರೈಸುವುದು, ಅವರ ಮೂಲಕವಷ್ಟೇ ಬಂದ ಬಂಧುತ್ವವನ್ನು ಕಾಯುವುದು, ಅವರ ಗೆಳೆಯರನ್ನು ಗೌರವಿಸುವುದು ಎಂದು ಉತ್ತರ ಬಂತು. ಕಲ್ಲಿನಲ್ಲಿ ಸಿಕ್ಕ ಹೆಸರಿಗೆ ಮೊದಲು ದುಆ ಮಾಡಿ. ಆಮೇಲೆ ಆ ಹೆಸರಿನ ಇನ್ನೊಂದು ಕವಲು ಈಗ ಎಲ್ಲಿದೆ ಎಂದು ವಿಚಾರಿಸಿ. ಅಜ್ಜನ ತಂಗಿಯ ಮೊಮ್ಮಕ್ಕಳು ಪಕ್ಕದ ತಾಲೂಕಿನಲ್ಲೇ ಇರಬಹುದು. ಯಾವುದೋ ಹಳೆಯ ಜಗಳದಿಂದ ಹೋಗಿ ಬರುವುದು ನಿಂತಿರಬಹುದು. ಹೆಣ್ಣುಮಕ್ಕಳಿಗೆ ಸಲ್ಲಬೇಕಾಗಿದ್ದ ಪಾಲು ಸಲ್ಲದೆ ಉಳಿದಿರಬಹುದು. ಹಾಗೆ ಕಂಡರೆ ಆಲಿಮರನ್ನೂ ವಕೀಲರನ್ನೂ ಕೇಳಿ ಸರಿಪಡಿಸಿ. ಹೋಗಿ ಸಲಾಮ್ ಹೇಳಲು ಯಾರನ್ನೂ ಕೇಳಬೇಕಾಗಿಲ್ಲ.

ಕಲ್ಲಿಲ್ಲದವರು

ಕಲ್ಲು ಸಿಗದಿದ್ದರೆ ಬೇಸರಪಡಬೇಡಿ. ನಮ್ಮ ಹೆಚ್ಚಿನ ಹಿರಿಯರ ಖಬರಿಗೆ ಬರಹದ ಕಲ್ಲೇ ಇಲ್ಲ. ಬಡತನ ಒಂದು ಕಾರಣವಾದರೆ, ಸುನ್ನತ್‌ನ ಸರಳತೆಯನ್ನು ಬಯಸಿದ್ದು ಇನ್ನೊಂದು. ಪಟ್ಟಣಗಳಲ್ಲಿ ಜಾಗ ಸಾಲದೆ ಹಳೆಯ ಖಬರುಗಳ ಸ್ಥಳದಲ್ಲೇ ಹೊಸ ದಫನವಾಗುತ್ತದೆ. ಕಲ್ಲು ಇದ್ದರೂ ಮಳೆ ಬಿಸಿಲಿಗೆ ಅಕ್ಷರ ಸವೆಯುತ್ತದೆ. ಸುಲ್ತಾನರ ಶಾಸನಗಳನ್ನು ಭಾರತೀಯ ಪುರಾತತ್ತ್ವ ಇಲಾಖೆಯ ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ನಿಮ್ಮ ಮುತ್ತಜ್ಜಿಯ ಕಲ್ಲನ್ನು ನೀವಲ್ಲದೆ ಬೇರೆ ಯಾರೂ ಓದಲಾರರು.

ಆದ್ದರಿಂದ ಪ್ರತಿ ಜಮಾಅತ್ ಒಂದು ದಫನ ದಫ್ತರ್ ಇಡಲಿ ಎಂಬುದು ನಮ್ಮ ವಿನಂತಿ. ಮೃತರ ಹೆಸರು, ತಂದೆ ಮತ್ತು ತಾಯಿಯ ಹೆಸರು, ಮೂಲ ಊರು, ಹಿಜ್ರಿ ಮತ್ತು ಇಸವಿ ದಿನಾಂಕ, ಯಾವ ಸಾಲಿನಲ್ಲಿ ಎಷ್ಟನೆಯ ಖಬರ್ ಎಂಬುದು ಅದರಲ್ಲಿರಲಿ. ಮಹಿಳೆಯರನ್ನು ‘ಇಂಥವರ ಹೆಂಡತಿ’ ಎಂದಷ್ಟೇ ಬರೆಯದೆ ಅವರ ಸ್ವಂತ ಹೆಸರನ್ನೂ ಬರೆಯಿರಿ. ಮದ್ರಸಾದ ದೊಡ್ಡ ಮಕ್ಕಳು ಮತ್ತು ಕಾಲೇಜಿನ ಯುವಕರು ಸೇರಿ ಈಗಿರುವ ಕಲ್ಲುಗಳ ಫೋಟೋ ತೆಗೆದು, ಹೆಸರುಗಳನ್ನು ಅದೇ ದಫ್ತರಿಗೆ ಸೇರಿಸಬಹುದು. ಒಂದು ಪ್ರತಿ ಮಸೀದಿಯಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ಕಲ್ಲಿಗೆ ಖರ್ಚು ಮಾಡಲಾಗದವರ ಹೆಸರೂ ಆಗ ಉಳಿಯುತ್ತದೆ.

ಅಲ್ಲಾಹನು ನಮ್ಮ ಮತ್ತು ನಮಗಿಂತ ಮೊದಲು ತೀರಿಕೊಂಡ ಎಲ್ಲ ಹಿರಿಯರ ಪಾಪಗಳನ್ನು ಕ್ಷಮಿಸಲಿ. ಹೆಸರು ಉಳಿದವರನ್ನೂ ಹೆಸರು ಅಳಿಸಿಹೋದವರನ್ನೂ ಅವನು ಬಲ್ಲನು. ಕಡಿದುಹೋದ ಬಂಧುತ್ವವನ್ನು ಜೋಡಿಸುವ ತೌಫೀಕ್‌ ಅನ್ನು ನಮಗೆ ಕರುಣಿಸಲಿ. ಆಮೀನ್.